ಮೊದಲು ಕಿವಿ, ಆಮೇಲೆ ಪಾನಾ

ರೋಗಿಯ ನಾಡಿ ಹಿಡಿಯದೆ, ಎದೆಗೆ ಕಿವಿಗೊಡದೆ ಔಷಧದ ಚೀಟಿ ಬರೆದುಕೊಡುವವನನ್ನು ನಾವು ವೈದ್ಯನೆಂದು ಒಪ್ಪುವುದಿಲ್ಲ. ೧೮೧೬ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಯ ಸದ್ದನ್ನು ಆಲಿಸಿದನು. ಅಲ್ಲಿಂದ ಸ್ಟೆತಾಸ್ಕೋಪು ಹುಟ್ಟಿತು. ಆದರೆ ನಮ್ಮ ಹಳೆಯ ಮೋಟಾರು ಸೈಕಲ್ಲುಗಳ ವಿಷಯದಲ್ಲಿ ಮಾತ್ರ ಈ ನ್ಯಾಯ ನಡೆಯುವುದಿಲ್ಲ. ಗಾಡಿ ‘ಕರಕರ’ ಎಂದ ಕೂಡಲೆ ಒಬ್ಬನು ಚೈನು ಬದಲಿಸು ಎನ್ನುತ್ತಾನೆ. ಇನ್ನೊಬ್ಬನು ಕ್ಲಚ್ ಪ್ಲೇಟು ಹೋಯಿತು ಎನ್ನುತ್ತಾನೆ. ಮೂರನೆಯವನು ಗಾಡಿಯನ್ನೇ ಮಾರಿಬಿಡು ಎನ್ನುತ್ತಾನೆ. ಮೂವರಲ್ಲಿ ಒಬ್ಬನೂ ಸದ್ದನ್ನು ಪೂರ್ತಿಯಾಗಿ ಕೇಳಿರುವುದಿಲ್ಲ. ಮೊದಲು ಸದ್ದನ್ನು ಕೇಳಬೇಕು, ಅದರ ಮೂಲವನ್ನು ತಿಳಿಯಬೇಕು, ಆಮೇಲೆಯೇ ಪಾನಾ ಹಿಡಿಯಬೇಕು ಎಂಬುದು ನನ್ನ ವಾದ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಶಿರವಾಡ, ಕಡವಾಡ, ಅಮದಳ್ಳಿ, ಚೆಂಡಿಯಾಗಳಿಂದ ಕಾರವಾರಕ್ಕೆ ಓದಲು ಬರುವ ನಮ್ಮಲ್ಲಿ ಕೆಲವರಿಗೆ ತಂದೆಯದೋ ಸೋದರಮಾವನದೋ ಹಳೆಯ ಗಾಡಿಯೇ ಗತಿ. ಕಾರವಾರದ ರೈಲು ನಿಲ್ದಾಣವಿರುವುದೂ ಶಿರವಾಡದಲ್ಲಿಯೇ. ಅವೇಳೆಯಲ್ಲಿ ರೈಲಿನಿಂದಿಳಿದ ಬಂಧುಗಳನ್ನು ಮನೆ ಮುಟ್ಟಿಸುವುದೂ ಅದೇ ಗಾಡಿ. ನಮ್ಮ ಕರಾವಳಿಯಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ಎಂಟು ತಿಂಗಳು ಉಪ್ಪುಗಾಳಿ. ಕಬ್ಬಿಣಕ್ಕೆ ಇದಕ್ಕಿಂತ ದೊಡ್ಡ ಶತ್ರು ಬೇಕಿಲ್ಲ. ಗೊತ್ತುಗುರಿಯಿಲ್ಲದೆ ಬಿಡಿಭಾಗಗಳನ್ನು ಬದಲಿಸಿದರೆ ಮನೆಯವರ ಹಣ ಹೋಗುತ್ತದೆ. ಸದ್ದನ್ನು ಅಲಕ್ಷಿಸಿದರೆ, ಓಡುವಾಗಲೇ ಚೈನು ತುಂಡಾಗಿ ಸಿಕ್ಕಿಕೊಂಡು ಹಿಂದಿನ ಚಕ್ರ ಬಿಗಿದು ನಿಲ್ಲಬಹುದು. ಹಿಂದೆ ಲಾರಿಗಳು ಬರುತ್ತಿರುವ ಹೆದ್ದಾರಿಯಲ್ಲಿ ಹಾಗಾದರೆ ಗತಿಯೇನು? ಆದುದರಿಂದ ಇದು ಹಣದ ಪ್ರಶ್ನೆಯೂ ಹೌದು, ಪ್ರಾಣದ ಪ್ರಶ್ನೆಯೂ ಹೌದು.

ಉದಾಹರಣೆಗೆ ನಮ್ಮ ನಾಡಿನಲ್ಲಿಯೇ ತಯಾರಾದ ಗಾಡಿಯನ್ನು ತೆಗೆದುಕೊಳ್ಳೋಣ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ ಮೋಟಾರು ಸೈಕಲ್ಲು ತಯಾರಿಸತೊಡಗಿತು. ೧೯೭೩ರಿಂದ ಅದೇ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿತು. ಹೀಗಾಗಿ ಮೈಸೂರಿನ ಯೆಜ್ಡಿಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಈ ಗಾಡಿಯ ಹಿಂದಿನ ಚೈನನ್ನು ಪೂರ್ತಿಯಾಗಿ ತಗಡಿನ ಕವಚದೊಳಗೆ ಮುಚ್ಚಿದ್ದಾರೆ. ಇದರಿಂದ ಮಳೆನೀರು, ಮರಳುಗಳ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಚೈನಿನ ಅವಸ್ಥೆ ಸವಾರನ ಕಣ್ಣಿಗೆ ಬೀಳುವುದೇ ಇಲ್ಲ. ಕಣ್ಣು ಸೋತಲ್ಲಿ ಕಿವಿಯೇ ಆಸರೆ.

ಎಂಜಿನ್ನಿನ ಬಲವು ಚಕ್ರವನ್ನು ಮುಟ್ಟುವ ದಾರಿ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಎಂಜಿನ್ನಿನ ದಂಡದಿಂದ ಎಡಗಡೆಯ ಕವಚದಲ್ಲಿ ಎಣ್ಣೆಯೊಳಗೆ ಓಡುವ ಮೊದಲನೆಯ ಚೈನಿಗೆ, ಅಲ್ಲಿಂದ ಕ್ಲಚ್ಚಿಗೆ, ಗೇರುಪೆಟ್ಟಿಗೆಗೆ, ಆಮೇಲೆ ಸಣ್ಣ ಹಲ್ಲುಚಕ್ರದಿಂದ ಹಿಂದಿನ ಚೈನಿಗೆ, ಕೊನೆಗೆ ದೊಡ್ಡ ಹಲ್ಲುಚಕ್ರದ ಮೂಲಕ ಗಾಲಿಗೆ: ಇದೇ ಆ ದಾರಿ. ದಾರಿಯ ಯಾವ ಮಜಲಿನಲ್ಲಿ ಕಳ್ಳನಿದ್ದಾನೆ ಎಂಬುದನ್ನು ಮೂರು ಪ್ರಶ್ನೆಗಳಿಂದ ಕಂಡುಹಿಡಿಯಬಹುದು.

ಮೊದಲನೆಯ ಪ್ರಶ್ನೆ: ಗಾಡಿ ನಿಂತಿರುವಾಗಲೂ ಸದ್ದು ಇದೆಯೇ? ಬಯಲಿನಲ್ಲಿ ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡಿಸಿರಿ. ಸದ್ದು ಕೇಳಿಸಿದರೆ ಕ್ಲಚ್ಚನ್ನು ಹಿಡಿಯಿರಿ. ಹಿಡಿದ ಕೂಡಲೆ ಸದ್ದು ನಿಂತರೆ ಸಂಶಯ ಗೇರುಪೆಟ್ಟಿಗೆಯ ಮೊದಲ ದಂಡದ ಬೇರಿಂಗಿನ ಮೇಲೆ ಅಥವಾ ಕ್ಲಚ್ಚಿನ ಸಡಿಲಿಕೆಯ ಮೇಲೆ. ಹಿಡಿದಾಗಲೇ ಸದ್ದು ಹುಟ್ಟಿದರೆ ಸಂಶಯ ಕ್ಲಚ್ಚನ್ನು ಬಿಡಿಸುವ ಭಾಗದ ಮೇಲೆ. ಹಿಡಿದರೂ ಬಿಟ್ಟರೂ ಒಂದೇ ಸಮನಾಗಿದ್ದರೆ ಎಂಜಿನ್ನನ್ನೂ ಮೊದಲನೆಯ ಚೈನನ್ನೂ ನೋಡಬೇಕು. ಆ ಚೈನು ಸಡಿಲಾಗಿದ್ದರೆ ನಿಧಾನ ಓಟದಲ್ಲಿ ತಾಳ ತಪ್ಪಿದ ಗರಗರ ಸದ್ದು ಕೇಳಿಸುತ್ತದೆ.

ಎರಡನೆಯ ಪ್ರಶ್ನೆ: ಸದ್ದು ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೇ, ಗಾಲಿಯ ವೇಗವನ್ನೇ? ಜನರಿಲ್ಲದ ಸಮತಟ್ಟು ರಸ್ತೆಯಲ್ಲಿ ಓಡುತ್ತಿರುವಾಗ ಕ್ಲಚ್ಚು ಹಿಡಿದು ಎಂಜಿನ್ನನ್ನು ಮೆತ್ತಗಾಗಲು ಬಿಡಿರಿ. ಗಾಡಿ ತಾನಾಗಿ ಸಾಗುತ್ತಿರುವಾಗಲೂ ಸದ್ದು ಉಳಿದರೆ ದೋಷ ಹಿಂದಿನ ಚೈನು, ಹಲ್ಲುಚಕ್ರ, ಗಾಲಿಯ ಬೇರಿಂಗು, ಬ್ರೇಕು ಇವುಗಳಲ್ಲಿ ಎಲ್ಲಿಯೋ ಇದೆ. ಒಂದೇ ಗೇರಿನಲ್ಲಿ ಮಾತ್ರ ಕೇಳಿಸುವ ಕೊರಗು ಆ ಗೇರಿನ ಹಲ್ಲುಗಳದು.

ಮೂರನೆಯ ಪ್ರಶ್ನೆ: ಸದ್ದು ಬಲ ಕೊಟ್ಟಾಗಲೋ, ಬಿಟ್ಟಾಗಲೋ? ಆಕ್ಸಿಲರೇಟರು ತಿರುವಿದಾಗ ಒಮ್ಮೆ ‘ಟಕ್’, ಬಿಟ್ಟಾಗ ಮತ್ತೊಮ್ಮೆ ‘ಟಕ್’ ಎಂದರೆ ಚೈನಿನ ಸಡಿಲು, ಇಲ್ಲವೆ ಗಾಲಿಯ ಒಳಗಿನ ಹೊಡೆತ ತಡೆಯುವ ರಬ್ಬರುಗಳ ಸವೆತ. ಆದರೆ ಈ ಪರೀಕ್ಷೆಗೆ ಅರೆಬೈಲು ಘಟ್ಟದಂಥ ದೀರ್ಘ ಇಳಿಜಾರನ್ನು ಆರಿಸಬಾರದು. ಯೆಜ್ಡಿಯಂಥ ಎರಡು ಹೊಡೆತದ ಎಂಜಿನ್ನಿಗೆ ಎಣ್ಣೆ ಸೇರುವುದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರು ಮುಚ್ಚಿ ಬಹು ದೂರ ಇಳಿದರೆ ಪಿಸ್ಟನ್ನಿಗೆ ಎಣ್ಣೆಯ ಬರ ಬರುತ್ತದೆ.

ಇನ್ನು ಹಿಂದಿನ ಚೈನಿನ ಮಾತು. ಇಂದಿನ ಬಗೆಯ ಬುಷ್-ರೋಲರ್ ಚೈನಿಗೆ ಹಾನ್ಸ್ ರೆನಾಲ್ಡ್ ಎಂಬವನು ೧೮೮೦ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪೇಟೆಂಟು ಪಡೆದನು. ಚೈನು ‘ಎಳೆದುಕೊಂಡಿದೆ’ ಎಂದು ನಾವು ಹೇಳುವುದುಂಟು. ನಿಜವಾಗಿ ಉಕ್ಕು ಎಳೆಯುವುದಿಲ್ಲ. ಕೊಂಡಿಕೊಂಡಿಯ ಒಳಗಿನ ಮೊಳೆಯೂ ಬುಷ್ಷೂ ತುಸುತುಸುವೇ ಸವೆದು, ಎಲ್ಲ ಸವೆತವೂ ಕೂಡಿ ಉದ್ದವಾಗುತ್ತದೆ. ಅರ್ಧ ಅಂಗುಲ ಅಂತರದ ಹೊಸ ಚೈನಿನಲ್ಲಿ ೨೪ ಕೊಂಡಿಗಳು ಸರಿಯಾಗಿ ೧೨ ಅಂಗುಲ. ಬಿಗಿಯಾಗಿ ಎಳೆದು ಅಳೆದಾಗ ಅದು ಕಾಲು ಅಂಗುಲ ಬೆಳೆದಿದ್ದರೆ ಆ ಚೈನಿನ ಆಯುಷ್ಯ ಮುಗಿಯಿತು. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನನ್ನೂ ಹಲ್ಲುಚಕ್ರಗಳನ್ನೂ ಒಟ್ಟಿಗೇ ಬದಲಿಸಬೇಕು. ಸವೆದ ಹಲ್ಲುಗಳ ಮೇಲೆ ಹೊಸ ಚೈನು ಬಾಳುವುದಿಲ್ಲ.

ತಾಳವನ್ನು ಎಣಿಸುವುದೂ ಒಂದು ಉಪಾಯ. ಗಾಲಿಯ ಒಂದು ಸುತ್ತಿಗೆ ಒಮ್ಮೆ ಸದ್ದಾದರೆ ಹಲ್ಲುಚಕ್ರದಲ್ಲೋ ಬ್ರೇಕಿನ ಡ್ರಮ್ಮಿನಲ್ಲೋ ದೋಷವಿರಬಹುದು. ಚೈನು ಒಮ್ಮೆ ಪೂರ್ತಿ ಸುತ್ತುವಷ್ಟರಲ್ಲಿ ಗಾಲಿ ಎರಡು ಮೂರು ಸುತ್ತು ತಿರುಗಿರುತ್ತದೆ. ಆ ಅಂತರಕ್ಕೊಮ್ಮೆ ಸದ್ದಾದರೆ ತುಕ್ಕು ಹಿಡಿದು ಬಿಗಿದ ಒಂದು ಕೊಂಡಿಯೇ ಅಪರಾಧಿ. ಇದನ್ನು ನೋಡಲು ಎಂಜಿನ್ನನ್ನು ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು, ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ಓಡುವ ಚೈನಿನ ಹತ್ತಿರ ಬೆರಳು ಒಯ್ಯುವುದು ಬೆರಳಿಗೆ ಎರವಾಗುವ ಸಾಹಸ. ನಿಂತ ಗಾಡಿಯ ಎಂಜಿನ್ನಿನ ಸದ್ದಿಗಾದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕವಚದ ಮೇಲಿಟ್ಟು ಹಿಡಿಯನ್ನು ಕಿವಿಯ ಬಳಿಗೆ ಒತ್ತಿದರೆ ಸಾಕು. ಯಾವ ಬೇರಿಂಗು ಗೊಣಗುತ್ತಿದೆ ಎಂದು ಗೊತ್ತಾಗುತ್ತದೆ. ಅದೇ ಬಡವರ ಸ್ಟೆತಾಸ್ಕೋಪು.

ಹಳೆಯ ಯಂತ್ರದ ಸದ್ದೆಲ್ಲವೂ ರೋಗವಲ್ಲ ಎಂಬುದನ್ನೂ ಮರೆಯಬಾರದು. ಮುದುಕರ ಕೀಲು ಸದ್ದು ಮಾಡಿದಂತೆ ಅದಕ್ಕೂ ಕೆಲವು ಸಹಜ ಧ್ವನಿಗಳಿವೆ. ಪಕ್ಕದವರ ಹೊಸ ಗಾಡಿಯೊಡನೆ ಅದನ್ನು ಹೋಲಿಸಿ ಫಲವಿಲ್ಲ. ಅದರ ನಿನ್ನೆಯೊಡನೆ ಅದರ ಇಂದನ್ನು ಹೋಲಿಸಬೇಕು. ನಿನ್ನೆ ಇಲ್ಲದ ಸದ್ದು ಇಂದು ಬಂದಿದ್ದರೆ ಎಚ್ಚರಿಕೆ. ಇದಕ್ಕಾಗಿಯೇ ಗಾಡಿ ಆರೋಗ್ಯವಾಗಿರುವಾಗಲೂ ಅದನ್ನು ಕೇಳುವ ಅಭ್ಯಾಸ ಬೇಕು.

‘ಅದಕ್ಕೆ ಮೇಸ್ತ್ರಿಗಳಿಲ್ಲವೆ? ನಮಗೇಕೆ ಈ ತಾಪತ್ರಯ?’ ಎಂದು ಕೇಳುವವರಿದ್ದಾರೆ. ಮೇಸ್ತ್ರಿಯ ಕೆಲಸವನ್ನು ನಾವು ಕಸಿದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ‘ಗಾಡಿ ಸದ್ದು ಮಾಡುತ್ತದೆ’ ಎಂದಷ್ಟೇ ಹೇಳುವವನಿಗೂ, ‘ಮೂರನೆಯ ಗೇರಿನಲ್ಲಿ, ಬಲ ಕೊಟ್ಟಾಗ ಮಾತ್ರ ಸದ್ದು ಬರುತ್ತದೆ’ ಎನ್ನುವವನಿಗೂ ಬಹಳ ಅಂತರವಿದೆ. ಎರಡನೆಯವನ ಗಾಡಿ ಬೇಗ ದುರಸ್ತಿಯಾಗುತ್ತದೆ; ಅವನಿಗೆ ಬೇಡದ ಸಾಮಾನು ಮಾರುವುದೂ ಸುಲಭವಲ್ಲ. ಸಾಕ್ಷ್ಯ ನೋಡದೆ ತೀರ್ಮಾನ ಬರೆಯಬಾರದೆಂದು ಇತಿಹಾಸದ ತರಗತಿಯಲ್ಲಿ ಕಲಿಯುವ ನಾವು ಗ್ಯಾರೇಜಿನ ಬಾಗಿಲಲ್ಲಿ ಅದನ್ನು ಮರೆಯುವುದು ಸರಿಯೇ? ಕೈಗೆ ಎಣ್ಣೆ ಹತ್ತಿದರೆ ವಿದ್ಯೆಗೆ ಕುಂದು ಎಂಬ ಭಾವನೆ ಇನ್ನೂ ನಮ್ಮಲ್ಲಿ ಉಳಿದಿದೆ. ಅದು ಹೋಗಬೇಕು.

ಹಳೆಯ ಗಾಡಿಗಳ ಸದ್ದನ್ನು ಕೇಳಿಯೇ ದೋಷ ಹೇಳಬಲ್ಲ ಹಿರಿಯ ಮೇಸ್ತ್ರಿಗಳ ವಿದ್ಯೆ ಪುಸ್ತಕದಲ್ಲಿಲ್ಲ. ಕಿವಿಯಿಂದ ಕಿವಿಗೆ ಬಂದದ್ದು. ಕೇಳಿ ಕಲಿಯುವವರಿಲ್ಲದಿದ್ದರೆ ಅದು ಅವರೊಂದಿಗೇ ಮುಗಿಯುತ್ತದೆ. ವರ್ಷಕ್ಕೊಂದು ಮಧ್ಯಾಹ್ನ, ಮಳೆಗಾಲಕ್ಕೆ ಮುಂಚೆ, ಅಂಥ ಒಬ್ಬ ಮೇಸ್ತ್ರಿಯನ್ನು ನಮ್ಮ ಕಾಲೇಜಿಗೆ ಗೌರವದಿಂದ ಕರೆಸಿ, ಅಂಗಳದಲ್ಲಿ ನಾಲ್ಕು ಗಾಡಿಗಳನ್ನು ನಿಲ್ಲಿಸಿ, ಅವರಿಂದ ಪಾಠ ಕೇಳಬಾರದೇಕೆ? ಖರ್ಚು ಒಂದು ಶಾಲು, ಒಂದು ಬಟ್ಟಲು ಚಹಾ. ಪ್ರಾಚಾರ್ಯರೂ ಅಧ್ಯಾಪಕವರ್ಗದವರೂ ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಅಲ್ಲಿಯವರೆಗೆ ವಿದ್ಯಾರ್ಥಿಮಿತ್ರರು ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಮೇಲೆ ಎರಡು ನಿಮಿಷ ಸುಮ್ಮನೆ ನಿಂತು ಅದರ ಸದ್ದನ್ನು ಆಲಿಸಲಿ.