ಕಿವುಡರಿಗೂ ಓಟುಂಟು

ಗ್ರಾಮಪಂಚಾಯತಿ ಚುನಾವಣೆ ಬಂತೆಂದರೆ ತಡಸದಂಥ ಊರುಗಳಲ್ಲಿ ಧ್ವನಿವರ್ಧಕಗಳ ಗದ್ದಲವೇಳುತ್ತದೆ. ಕಿವುಡರಿಗೆ ಅದರಿಂದೇನು ತಿಳಿದೀತು? ನಡೆಯಲಾರದವರ ಮನೆಗೆ ಓಟಿನ ದಿನ ಗಾಡಿ ಬರುತ್ತದೆ. ಯಾದಿಯಲ್ಲಿ ಹೆಸರಿದೆಯೇ ಎಂದು ಕೇಳಲು ಮೊದಲೇ ಯಾರೂ ಬರುವುದಿಲ್ಲ.

ಬಡವರ ಮನೆ, ನಳದ ನೀರು, ಬೀದಿದೀಪ ಇವೆಲ್ಲ ಪಂಚಾಯತಿಯ ಕೈಯಲ್ಲಿವೆ. ಹೆಚ್ಚು ಅಗತ್ಯವುಳ್ಳವರೇ ಅದರ ಹೊರಗುಳಿದರೆ ಅದೆಂಥ ಪ್ರಜಾಸತ್ತೆ?

ಕಾನೂನು ಇವರ ಪಕ್ಷದಲ್ಲಿದೆ. ಕಿವುಡುತನವಾಗಲಿ ಕುರುಡುತನವಾಗಲಿ ಮತದಾರನ ಅನರ್ಹತೆಯಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯದೆಯ 11ನೆಯ ಕಲಮು ಕೇಂದ್ರದ ಆಯೋಗದೊಡನೆ ರಾಜ್ಯ ಚುನಾವಣಾ ಆಯೋಗವನ್ನೂ ಕಟ್ಟಿಹಾಕಿದೆ: ಮತಗಟ್ಟೆಗಳೆಲ್ಲ ಇವರಿಗೆ ನಿಲುಕಬೇಕು, ಚುನಾವಣೆಯ ಕಾಗದಪತ್ರಗಳೆಲ್ಲ ಇವರಿಗೆ ತಿಳಿಯುವಂತಿರಬೇಕು. 2023ರ ವಿಧಾನಸಭೆ ಚುನಾವಣೆಯಲ್ಲಿ ಶೇ. 40 ಮತ್ತು ಅದಕ್ಕೂ ಮೇಲ್ಪಟ್ಟು ಅಂಗವೈಕಲ್ಯವಿದ್ದವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ದೊರೆಯಿತು. ಪಂಚಾಯತಿಗೂ ಅದು ಬೇಕೆಂದು ನಾವು ಒತ್ತಾಯಿಸುತ್ತೇವೆ.

ಸರಕಾರದ ದಾರಿ ಕಾಯುತ್ತ ಕೂಡುವುದು ಬೇಡ. ಪಂಚಾಯತಿಯ ಯಾದಿ ವಿಧಾನಸಭೆಯ ಯಾದಿಯಿಂದಲೇ ತಯಾರಾಗುತ್ತದೆ. ನಮ್ಮ ಕಾರ್ಯಕರ್ತರು ಈಗಲೇ ಓಣಿ ಓಣಿ ತಿರುಗಿ, 18 ತುಂಬಿದವರ 6ನೆಯ ನಮೂನೆ ತುಂಬಿಸಲಿ. ಕಿವುಡರಿಗೆ ಬರೆದು ತೋರಿಸಲಿ. ಓದು ಬಾರದವರಿಗೆ ಸನ್ನೆ ಬಲ್ಲ ಮನೆಯವರ ಮೂಲಕ ತಿಳಿಸಲಿ. ಆದರೆ ಯಾರಿಗೆ ಓಟೆಂಬುದನ್ನು ಅವರಿಗೇ ಬಿಡಲಿ. ಓಟು ನಾವು ಅವರಿಗೆ ಮಾಡುವ ಉಪಕಾರವಲ್ಲ. ಅದು ಅವರ ಹಕ್ಕು.