ಡಬ್ಬದ ಮೇಲಿನ ಸುಳ್ಳು ಸಾಕ್ಷಿ

ಕಳೆದ ತಿಂಗಳು ಆದಿತ್ಯವಾರದ ಪೂಜೆ ಮುಗಿಸಿ ಹೊರಗೆ ಬರುವಾಗ ನಮ್ಮ ವಾಳೆಯ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದರು. "ಪುತಾ, ನೀನು ಬಿಎಸ್ಸಿ ಓದಿದವ. ಈ ಮಾನಿಟರ್ ಅಂದ್ರೆ ಎಂತದು? ಅದಕ್ಕೆ ಇಪ್ಪತ್ತೆರಡು ಸಾವಿರ ಕೊಡ್ಬೇಕಾ?" ಮಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಾನೆ. ಅವನಿಗೆ 27 ಇಂಚಿನ, ಬಾಗಿದ ಪರದೆಯ, ಎಚ್‌ಡಿಆರ್ ಇರುವ, 1 ಮಿಲಿಸೆಕೆಂಡಿನ ಗೇಮಿಂಗ್ ಮಾನಿಟರೇ ಆಗಬೇಕಂತೆ. ದುಡ್ಡು ಬರಬೇಕಾದದ್ದು ಅಮ್ಮನ ಬೀಡಿ ಬೋನಸ್ಸಿನಿಂದ. ಉಳಿದದ್ದು ಕಂತಿನಲ್ಲಿ.

ಆ ಹುಡುಗನ ಲ್ಯಾಪ್‌ಟಾಪ್ ನಾನು ನೋಡಿದ್ದೇನೆ. ಅದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅವನು ಕೇಳುವ ಮಾನಿಟರ್ ಸೆಕೆಂಡಿಗೆ 165 ಸಲ ಚಿತ್ರ ಬದಲಿಸಲು ತಯಾರಾಗಿ ಕೂತಿರುತ್ತದೆ. ಅವನ ಲ್ಯಾಪ್‌ಟಾಪ್ ಅವನ ಇಷ್ಟದ ಆಟದಲ್ಲಿ ಸೆಕೆಂಡಿಗೆ 40 ಚಿತ್ರ ಕೊಡುವಷ್ಟರಲ್ಲಿ ಬೆವರುತ್ತದೆ. ಬಾವಿಯಲ್ಲಿ ನಾಲ್ಕು ಕೊಡ ನೀರಿರುವಾಗ ಐದು ಎಚ್‌ಪಿ ಪಂಪ್ ಇಟ್ಟ ಹಾಗೆ.

ಹುಡುಗನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವನ ಜಾಗದಲ್ಲಿ ನಾನೂ ಇದ್ದೆ. ಮೊದಲ ಸಂಬಳದ ಖುಷಿಯಲ್ಲಿ ಡಬ್ಬದ ಮೇಲಿನ ಚೀಟಿ ಓದಿ 27 ಇಂಚಿನದೇ ತಂದೆ. ರಾತ್ರಿ ದೀಪ ಆರಿಸಿ ಸಿನಿಮಾ ಹಾಕಿದರೆ ಕಪ್ಪು ಇರಬೇಕಾದ ಕಡೆ ಒಲೆಯ ಬೂದಿಯ ಬಣ್ಣ. ಬೆಳಿಗ್ಗೆ ಪಾಠ ಓದಲು ಕೂತರೆ ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ. ಮಾನಿಟರ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಲೆಕ್ಕ. ನಮ್ಮ ಕಾಸರಗೋಡಿನಲ್ಲಿ ಮಲಯಾಳದಲ್ಲಿ ವಿಡಿಯೊ ನೋಡುತ್ತೇವೆ, ಇಂಗ್ಲಿಷಿನಲ್ಲಿ ಚೀಟಿ ಓದುತ್ತೇವೆ, ಮನೆಯಲ್ಲಿ ಕೊಂಕಣಿಯಲ್ಲಿ ಜಗಳ ಮಾಡುತ್ತೇವೆ. ಕನ್ನಡ ಓದುವ ತಾಯಂದಿರಿಗೆ ಮಾತ್ರ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೊನೆಗೆ ದುಡ್ಡು ಕೊಡುವವರು ಅವರೇ.

ಕ್ಯಾಟೆಕಿಸಂನಲ್ಲಿ ಎಂಟನೇ ಆಜ್ಞೆ ಕಲಿತಿದ್ದೇವೆ, ಸುಳ್ಳು ಸಾಕ್ಷಿ ಹೇಳಬಾರದು ಅಂತ. ಡಬ್ಬದ ಮೇಲಿನ ಚೀಟಿಗಳು ನೇರ ಸುಳ್ಳು ಹೇಳುವುದಿಲ್ಲ. ಅರ್ಧ ಸತ್ಯ ಹೇಳಿ ಪೂರ್ತಿ ದುಡ್ಡು ತೆಗೆದುಕೊಳ್ಳುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು "1 ಎಂಎಸ್". ಇದರಲ್ಲಿ ಎರಡು ಅಳತೆಗಳಿವೆ. ಒಂದು, ಚುಕ್ಕೆಯೊಂದು ಒಂದು ಬೂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ವೇಳೆ. ಮಾನಿಟರಿನ ಓವರ್‌ಡ್ರೈವನ್ನು ತುದಿಗೆ ಏರಿಸಿ ಈ ಸಂಖ್ಯೆ ತೆಗೆಯುತ್ತಾರೆ. ಮನೆಯಲ್ಲಿ ಹಾಗೆ ಏರಿಸಿದರೆ ಓಡುವ ವಸ್ತುವಿನ ಹಿಂದೆ ಬೆಳ್ಳಗಿನ ನೆರಳು ಕಾಣುತ್ತದೆ. ಇನ್ನೊಂದು ಎಂಪಿಆರ್‌ಟಿ. ಹಿಂದಿನ ದೀಪವನ್ನು ಬೇಗ ಬೇಗ ಆರಿಸಿ ಹೊತ್ತಿಸಿ ಚಲನೆ ಸ್ಪಷ್ಟ ಕಾಣುವಂತೆ ಮಾಡುವ ಉಪಾಯದಿಂದ ಈ 1 ಸಿಗುತ್ತದೆ. ಅದನ್ನು ಹಾಕಿದರೆ ಬೆಳಕು ಕಡಿಮೆಯಾಗುತ್ತದೆ. 144 ಹರ್ಟ್ಸ್‌ನ ಪರದೆಯಲ್ಲಿ ಒಂದು ಚಿತ್ರ ನಿಲ್ಲುವುದು ಸುಮಾರು 7 ಮಿಲಿಸೆಕೆಂಡು, 60 ಹರ್ಟ್ಸ್‌ನಲ್ಲಿ ಸುಮಾರು 16.7. ಪ್ರಾಮಾಣಿಕವಾದ 5 ಮಿಲಿಸೆಕೆಂಡು ನಮ್ಮಂಥವರಿಗೆ ಧಾರಾಳ ಸಾಕು.

ಎರಡನೆಯದು ಎಚ್‌ಡಿಆರ್. ಇದು ದೊಡ್ಡ ಅರ್ಧ ಸತ್ಯ. ಅಗ್ಗದ ಮಾನಿಟರಿನಲ್ಲಿ ಈ ಚೀಟಿಯ ಅರ್ಥ ಇಷ್ಟೇ: ಎಚ್‌ಡಿಆರ್ ಸಂಕೇತ ಬಂದರೆ ನಾನು ಸ್ವೀಕರಿಸುತ್ತೇನೆ. ತೋರಿಸುತ್ತೇನೆ ಅಂತ ಅಲ್ಲ. ಕತ್ತಲೆಯನ್ನು ಕತ್ತಲಾಗಿಯೂ ಬೆಳಕನ್ನು ಬೆಳಕಾಗಿಯೂ ಒಂದೇ ಹೊತ್ತಿಗೆ ತೋರಿಸಬೇಕಾದರೆ ಹಿಂದಿನ ದೀಪ ಭಾಗ ಭಾಗವಾಗಿ ಆರಬೇಕು, ಇಲ್ಲವೆ ಓಎಲ್‌ಇಡಿಯಂತೆ ಪ್ರತಿ ಚುಕ್ಕೆ ತಾನೇ ಹೊತ್ತಿ ಆರಬೇಕು. ವೇಸಾ ಸಂಸ್ಥೆ 2017ರಲ್ಲಿ ಡಿಸ್‌ಪ್ಲೇ ಎಚ್‌ಡಿಆರ್ ಎಂಬ ದರ್ಜೆಗಳನ್ನು ತಂದಿತು. ಅದರ ಕೆಳಗಿನ ಮೆಟ್ಟಿಲಾದ 400ಕ್ಕೆ ಭಾಗ ಭಾಗವಾಗಿ ಆರುವ ದೀಪ ಇರಲೇಬೇಕೆಂದಿಲ್ಲ. ಆ ಮೆಟ್ಟಿಲನ್ನೂ ಹತ್ತದ ಮಾನಿಟರಿಗೆ ಎಚ್‌ಡಿಆರ್ ಎಂದು ಹೆಚ್ಚು ದುಡ್ಡು ಕೊಡುವುದು ಯಾಕೆ?

ಮೂರನೆಯದು ಕೋಟಿಗಳ ಕಾಂಟ್ರಾಸ್ಟ್. "ಡೈನಾಮಿಕ್" ಎಂಬ ಪದ ಕಂಡರೆ ಆ ಸಾಲನ್ನೇ ಬಿಟ್ಟುಬಿಡಿ. ಒಂದು ಹೊತ್ತಿನ ಪೂರ್ತಿ ಬಿಳಿಯನ್ನು ಇನ್ನೊಂದು ಹೊತ್ತಿನ ಪೂರ್ತಿ ಕಪ್ಪಿನೊಂದಿಗೆ ಅಳೆದ ಲೆಕ್ಕ ಅದು. ಸಿನಿಮಾದಲ್ಲಿ ಮುಖವೂ ನೆರಳೂ ಒಂದೇ ಚಿತ್ರದಲ್ಲಿರುತ್ತವೆ. ನೋಡಬೇಕಾದದ್ದು ಸ್ಥಿರ ಕಾಂಟ್ರಾಸ್ಟ್: ಸಾಮಾನ್ಯ ಐಪಿಎಸ್ ಪರದೆಯಲ್ಲಿ ಸುಮಾರು 1000ಕ್ಕೆ 1, ವಿಎ ಪರದೆಯಲ್ಲಿ ಸುಮಾರು 3000ಕ್ಕೆ 1.

ಸಿನಿಮಾ ನೋಡುವವರು ಈ ಮೂರನೆಯದನ್ನೇ ಮುಖ್ಯವಾಗಿ ಗಮನಿಸಬೇಕು. ನಮ್ಮ ಹೆಚ್ಚಿನ ದೊಡ್ಡ ಸಿನಿಮಾಗಳು ಅಗಲ ಪರದೆಯ ಸ್ಕೋಪ್ ಅಳತೆಯಲ್ಲಿರುತ್ತವೆ, 2.39ಕ್ಕೆ 1. ಸಾಮಾನ್ಯ 16:9 ಮಾನಿಟರಿನಲ್ಲಿ ಅದನ್ನು ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಲೆಕ್ಕ ಹಾಕಿದರೆ ಪರದೆಯ ಸುಮಾರು ಕಾಲು ಭಾಗ ಆ ಪಟ್ಟಿಯೇ. ಅದು ಕಪ್ಪಾಗಿ ಕಾಣುತ್ತದೋ ಬೂದಿಯಾಗಿ ಕಾಣುತ್ತದೋ ಎಂಬುದು ರಾತ್ರಿ ನಿಮ್ಮ ಕಣ್ಣಿಗೆ ತಿಳಿಯುತ್ತದೆ, ಚೀಟಿಗೆ ತಿಳಿಯುವುದಿಲ್ಲ. ಒಬ್ಬರೇ ನೇರ ಕೂತು ಕತ್ತಲೆಯಲ್ಲಿ ಸಿನಿಮಾ ನೋಡುವವರಿಗೆ ವಿಎ ಒಳ್ಳೆಯದು. ಆದರೆ ಅಗ್ಗದ ವಿಎಯಲ್ಲಿ ವೇಗದ ಆಟದ ಕತ್ತಲೆ ದೃಶ್ಯಗಳು ಸ್ವಲ್ಪ ಮಸಿ ಒರೆಸಿದಂತೆ ಎಳೆಯುತ್ತವೆ. ಬದಿಯಿಂದ ನೋಡಿದರೆ ಬಣ್ಣವೂ ಮಂಕಾಗುತ್ತದೆ. ಮನೆಯವರೆಲ್ಲ ಸೇರಿ ಬೆಂಚಿನಲ್ಲಿ ಕೂತು ನೋಡುವುದಾದರೆ, ಜೊತೆಗೆ ಆಟವೂ ಓದೂ ಆಗಬೇಕಾದರೆ ಐಪಿಎಸ್ ತೆಗೆದುಕೊಳ್ಳಿ, ಹಿಂದೆ ಒಂದು ಸಣ್ಣ ದೀಪ ಹೊತ್ತಿಸಿಡಿ. ಬೂದಿ ಅಷ್ಟು ಕಾಣುವುದಿಲ್ಲ.

ಇನ್ನು ಗಾತ್ರ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 24 ಇಂಚಿನಲ್ಲಿ ಅವು ಇಂಚಿಗೆ ಸುಮಾರು 92 ಬರುತ್ತವೆ, 27 ಇಂಚಿನಲ್ಲಿ 82ಕ್ಕೆ ಇಳಿಯುತ್ತವೆ. ಚುಕ್ಕೆ ಅಷ್ಟೇ, ಹರಡಿದ್ದು ಜಾಸ್ತಿ. ಒಂದೇ ಸೇರು ಅಕ್ಕಿಯನ್ನು ದೊಡ್ಡ ಚಾಪೆಯಲ್ಲಿ ಹರಡಿದರೆ ಅಕ್ಕಿ ಹೆಚ್ಚಾಗುತ್ತದಾ? 27 ಇಂಚು ಬೇಕಾದರೆ 1440ಪಿ ಬೇಕು. ಅದರಲ್ಲಿ ಸುಮಾರು 37 ಲಕ್ಷ ಚುಕ್ಕೆ, ಅಷ್ಟನ್ನೂ ತುಂಬಿಸಲು ನಿಮ್ಮ ಕಂಪ್ಯೂಟರಿಗೆ ತಾಕತ್ತು ಬೇಕು. 4ಕೆ ಅಂದರೆ 1080ಪಿಯ ನಾಲ್ಕು ಪಟ್ಟು. ಒಟಿಟಿಯ ಕಡಿಮೆ ದರದ ಪ್ಲಾನ್ ಹಾಕಿಕೊಂಡು, ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಸಿನಿಮಾ ನೋಡುವ ನಮಗೆ 4ಕೆ ಚಿತ್ರ ಬರುವುದೇ ಇಲ್ಲ. ಮಾನಿಟರ್ ಮಾತ್ರ 4ಕೆ ಆಗಿ ಎಂತ ಪ್ರಯೋಜನ?

ಹರ್ಟ್ಸ್ ಪೂರ್ತಿ ಪೊಳ್ಳಲ್ಲ, ಒಪ್ಪುತ್ತೇನೆ. 60ರಿಂದ 100ಕ್ಕೆ ಹೋದರೆ ಮೌಸ್ ಓಡಿಸುವಾಗಲೇ ಗೊತ್ತಾಗುತ್ತದೆ. ಸಿನಿಮಾಕ್ಕೂ ಇದರಲ್ಲಿ ಒಂದು ಗುಟ್ಟಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಹಾಗಾಗಿ ಕ್ಯಾಮೆರಾ ನಿಧಾನ ತಿರುಗುವಾಗ ಚಿತ್ರ ಕುಂಟುತ್ತದೆ. 120ರಲ್ಲಿ ಪ್ರತಿ ಚಿತ್ರ ಸರಿಯಾಗಿ ಐದು ಸಲ, 144ರಲ್ಲಿ ಆರು ಸಲ. ನಿಮ್ಮ ಮಾನಿಟರಿನಲ್ಲಿ 120 ಇದ್ದರೆ ಸಿನಿಮಾ ನೋಡುವಾಗ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿ. ದುಡ್ಡು ಖರ್ಚಿಲ್ಲ. ಆಟದವರು ಅಡಾಪ್ಟಿವ್ ಸಿಂಕ್ ಇದೆಯಾ ಅಂತ ಕೇಳಿ. ಕಂಪ್ಯೂಟರ್ ಎಷ್ಟು ಚಿತ್ರ ಕೊಡುತ್ತದೋ ಪರದೆ ಅದಕ್ಕೆ ಹೆಜ್ಜೆ ಹಾಕುತ್ತದೆ, ಚಿತ್ರ ನಡುವೆ ಹರಿಯುವುದಿಲ್ಲ. ಬಡ ಕಂಪ್ಯೂಟರಿಗೆ 165 ಹರ್ಟ್ಸ್‌ಗಿಂತ ಇದೇ ದೊಡ್ಡ ಉಪಕಾರ. ಆದರೆ ಕನಿಷ್ಠ ಎಷ್ಟು ಹರ್ಟ್ಸ್‌ನಿಂದ ಅದು ಕೆಲಸ ಮಾಡುತ್ತದೆ ಎಂಬುದನ್ನೂ ಕೇಳಿ.

ಹಾಗಾದರೆ ನಮ್ಮಂಥ ಮನೆಗೆ ಎಂತದು? 24 ಇಂಚು, 1080ಪಿ, 100 ಹರ್ಟ್ಸ್ ಅಥವಾ ಹೆಚ್ಚು, ಐಪಿಎಸ್ ಇಲ್ಲವೆ ವಿಎ, ಅಡಾಪ್ಟಿವ್ ಸಿಂಕ್, ಮೂರು ವರ್ಷದ ವಾರಂಟಿ. ನಾನು ಅಂಗಡಿಗಳಲ್ಲಿ ನೋಡಿದ ಹಾಗೆ ಇದು ಎಂಟರಿಂದ ಹತ್ತು ಸಾವಿರದೊಳಗೆ ಸಿಗುತ್ತದೆ. ಹೆಚ್ಚಿನವುಗಳಲ್ಲಿ ಸ್ಪೀಕರ್ ಇರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿ. ತುಲಾ ಮಾಸದ ಗುಡುಗಿಗೆ ಸ್ಪೈಕ್ ಗಾರ್ಡ್ ಹಾಕಿ, ಸಿಡಿಲಿನ ಹೊತ್ತಿಗೆ ಪ್ಲಗ್ಗನ್ನೇ ತೆಗೆಯಿರಿ. ಡಬ್ಬ ಬಿಚ್ಚಿದ ದಿನವೇ ಪೂರ್ತಿ ಬಿಳಿ, ಕಪ್ಪು, ಕೆಂಪು ಚಿತ್ರ ಹಾಕಿ ಸತ್ತ ಚುಕ್ಕೆ ಉಂಟಾ ನೋಡಿ. ಮನೆಯ ಹಳೆಯ 32 ಇಂಚಿನ ಟಿವಿ ಸಾಲದಾ ಅಂತ ಅಪ್ಪ ಕೇಳಿದರೆ, ದೂರದಿಂದ ಸಿನಿಮಾ ನೋಡಲು ಸಾಕು ಅಂತ ಒಪ್ಪಿಕೊಳ್ಳಿ. ಮೇಜಿನ ಮೇಲಿಟ್ಟು ಓದಲು ಆಗದು. ಅಂಥ ಅನೇಕ ಟಿವಿಗಳು 768ಪಿ, ಇಂಚಿಗೆ 49 ಚುಕ್ಕೆ ಮಾತ್ರ.

ಈಗ ಹಿರಿಯರಲ್ಲಿ ಒಂದು ಮಾತು, ಬೇಸರ ಮಾಡಬೇಡಿ. "ಈ ಪರದೆಯೇ ಸೈತಾನ" ಅಂತ ಹೇಳುವವರು ನಮ್ಮಲ್ಲಿದ್ದಾರೆ. 2020ರಲ್ಲಿ ಇಗರ್ಜಿಯ ಬಾಗಿಲು ಮುಚ್ಚಿದಾಗ ಪೂಜೆ ನಮ್ಮ ಮನೆಗೆ ಬಂದದ್ದು ಯಾವುದರಲ್ಲಿ? ಸಂಜೆ ಧಾರಾವಾಹಿಗೋಸ್ಕರ ಜಪಸರ ಬೇಗ ಮುಗಿಸುವ ಮನೆಗಳಲ್ಲಿ ಮಕ್ಕಳ ಆಟಕ್ಕೆ ಮಾತ್ರ ಪಾಪದ ಹೆಸರು ಯಾಕೆ? ನೀವು ಪೂರ್ತಿ ಬೇಡ ಅಂದದ್ದಕ್ಕೇ ಮಕ್ಕಳು ನಿಮ್ಮಲ್ಲಿ ಬೆಲೆ ಕೇಳುವುದು ಬಿಟ್ಟು ವಿಡಿಯೊದವರಲ್ಲಿ ಕೇಳುತ್ತಾರೆ. ಆ ವಿಡಿಯೊದ ಕೆಳಗೆ ಕೊಟ್ಟ ಲಿಂಕಿನಿಂದ ನೀವು ಕೊಂಡರೆ ಅನೇಕ ಸಲ ಅವರಿಗೆ ಕಮಿಷನ್ ಸಿಗುತ್ತದೆ.

ಯುವಜನರಾದ ನಮಗೆ ಇನ್ನೂ ಕಟುವಾದ ಮಾತು. "ಬಜೆಟ್" ಅಂದರೆ ಕಂತು ಎಷ್ಟು ಸಿಗುತ್ತದೆ ಎಂಬುದಲ್ಲ, ಮನೆಗೆ ಎಷ್ಟು ತಡೆಯುತ್ತದೆ ಎಂಬುದು. "ನೋ ಕಾಸ್ಟ್" ಕಂತಿನಲ್ಲಿ ಬಡ್ಡಿ ಎಲ್ಲೋ ಅಡಗಿರುತ್ತದೆ: ಬಿಟ್ಟುಕೊಟ್ಟ ರಿಯಾಯಿತಿಯಲ್ಲಿ, ಇಲ್ಲವೆ ಪ್ರೊಸೆಸಿಂಗ್ ಶುಲ್ಕದಲ್ಲಿ. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಗೋಪುರ ಕಟ್ಟಹೊರಟವನ ಸಾಮತಿ ಹೇಳುತ್ತಾರೆ. ಮೊದಲು ಕೂತು ಲೆಕ್ಕ ಹಾಕದವನನ್ನು ನೋಡಿ ಊರವರು ನಗುತ್ತಾರೆ. ನಮ್ಮ ವಿಷಯದಲ್ಲಿ ಊರವರು ನಗುವುದಿಲ್ಲ. ದಿನಕ್ಕೆ ಇನ್ನೊಂದಿಷ್ಟು ಬೀಡಿ ಕಟ್ಟಲು ಅಮ್ಮ ರಾತ್ರಿ ಹನ್ನೊಂದರವರೆಗೆ ಬಗ್ಗಿ ಕೂರುತ್ತಾರೆ, ಅಷ್ಟೆ. ಪಕ್ಕದ ಕೋಣೆಯಲ್ಲಿ ನಾವು 165 ಹರ್ಟ್ಸ್‌ನಲ್ಲಿ ಗೆಲ್ಲುತ್ತಿರುತ್ತೇವೆ.

ಆ ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ. "ಫ್ರೆಂಡ್ಸ್ ಹತ್ರ ಎಲ್ಲ ದೊಡ್ಡದುಂಟು" ಅಂತಾನೆ. ಅವನ ನೋವು ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ನೋಡುವುದಿಲ್ಲ. ಮುಂದಿನ ಶನಿವಾರ ಅವನನ್ನು ನನ್ನ ಮನೆಗೆ ಕರೆದಿದ್ದೇನೆ. ನನ್ನ 27 ಇಂಚಿನದರ ಪಕ್ಕ, ಗೆಳೆಯನೊಬ್ಬನ 24 ಇಂಚಿನದನ್ನಿಟ್ಟು ಅವನದೇ ಲ್ಯಾಪ್‌ಟಾಪ್ ಜೋಡಿಸಿ, ಒಂದೇ ಆಟ, ಒಂದೇ ಸಿನಿಮಾ ಹಾಕುತ್ತೇನೆ. ಬೆಲೆ ಹೇಳುವುದಿಲ್ಲ. ಅವನ ಕಣ್ಣೇ ಸಾಕ್ಷಿ ಹೇಳಲಿ.

ನಿಮ್ಮಲ್ಲಿ ಯಾರಾದರೂ ಕೊಳ್ಳುವ ಯೋಚನೆಯಲ್ಲಿದ್ದರೆ ನೀವೂ ಬನ್ನಿ, ನಿಮ್ಮ ಲ್ಯಾಪ್‌ಟಾಪ್ ತನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ. ದುಡ್ಡು ಅವರದಾದರೆ ಪ್ರಶ್ನೆ ಕೇಳುವ ಹಕ್ಕೂ ಅವರದೇ.