ವಾರ್ಡ್ ಸಭೆ ಬಿಟ್ಟು ಗ್ರಾಮಸಭೇಲಿ ಕೂಗಿದ್ರೆ ಹೊಲದ ದಾರಿ ಆಗಲ್ಲ

ಇವತ್ತು ಬೆಳೆ ವಿಷಯ ಅಲ್ಲ, ಪಂಚಾಯ್ತಿ ವಿಷಯ. ಆದರೆ ಬೆಳೆ ಮನೆ ಸೇರೋದು ಇದರ ಮೇಲೇ ನಿಂತಿದೆ.

ಪ್ರತಿ ಸಲ ಗ್ರಾಮಸಭೇಲಿ ನಡೆಯೋದು ಗೊತ್ತೇ ಇದೆ. ಇಲಾಖೆಯವರು ಒಬ್ಬೊಬ್ಬರಾಗಿ ಎದ್ದು ಯೋಜನೆ ಓದ್ತಾರೆ. ನಾವು ಎದ್ದು "ಹೊಲದ ದಾರಿಗೆ ಮೋರಿ ಕಟ್ಟಿಸ್ರಿ" ಅಂತ ಕೂಗ್ತೀವಿ. "ಮುಂದಿನ ಸಲ ನೋಡೋಣ" ಅಂತಾರೆ. ಊರೊಳಗೆ ಚೆನ್ನಾಗಿರೋ ಕಾಂಕ್ರೀಟ್ ಮೇಲೆ ಇನ್ನೊಂದು ಕಾಂಕ್ರೀಟ್ ಬೀಳುತ್ತೆ. ಹೊಲದ ದಾರೀಲಿ ಮಳೆ ಹಿಡಿದ್ರೆ ಟ್ರ್ಯಾಕ್ಟರ್ ಹೂತ್ಕೊಳ್ಳುತ್ತೆ, ಕುಯ್ದ ರಾಗಿ ಅಲ್ಲೇ ನೆನೆಯುತ್ತೆ.

ನಾನು ಹೇಳೋದು ಇಷ್ಟೇ: ಗ್ರಾಮಸಭೆ ದಿನ ಕೂಗಿದ್ರೆ ಹೊತ್ತಾಗಿರುತ್ತೆ. ನಮ್ಮ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಯಾವ ಕೆಲಸ ಮೊದಲು, ಯಾರು ಫಲಾನುಭವಿ ಅನ್ನೋ ಪಟ್ಟಿ ಹುಟ್ಟೋದು ವಾರ್ಡ್ ಸಭೇಲಿ. ಅಲ್ಲಿಂದ ಅದು ಗ್ರಾಮಸಭೆಗೆ ಹೋಗುತ್ತೆ. ಪಟ್ಟೀಲೇ ಇಲ್ಲದ ಮೋರಿಗೆ ದುಡ್ಡು ಎಲ್ಲಿಂದ ಬರಬೇಕು?

ವಾರ್ಡ್ ಸಭೆ ಕೋರಂ ಎಷ್ಟು ಗೊತ್ತಾ? ಮತದಾರರಲ್ಲಿ ಹತ್ತನೇ ಒಂದು ಭಾಗ, ಇಲ್ಲಾ 20 ಜನ, ಯಾವುದು ಕಮ್ಮಿಯೋ ಅದು. ಗ್ರಾಮಸಭೆಗಾದ್ರೆ ಹತ್ತನೇ ಒಂದು ಭಾಗ, ಇಲ್ಲಾ 100 ಜನ. ಅಂದ್ರೆ ಯಾರದೋ ಕಡೆಯ 20 ಜನ ಕೂತು ಸಹಿ ಹಾಕಿದ್ರೆ ನಿಮ್ಮ ವಾರ್ಡಿನ ವರ್ಷದ ಕೆಲಸ ಮುಗೀತು. ಅದೇ 20 ಜನ ನಾವ್ಯಾಕೆ ಆಗಬಾರದು? ಒಂದು ಕಣದಲ್ಲಿ ಒಕ್ಕಣೆಗೆ ಅಷ್ಟು ಜನ ಸೇರ್ತೀವಲ್ಲ.

"ಸದಸ್ಯರು ಮೊದಲೇ ಮಾತಾಡ್ಕೊಂಡಿರ್ತಾರೆ, ಹೋಗಿ ಏನು ಪ್ರಯೋಜನ" ಅನ್ನೋರಿದ್ದಾರೆ. ಮಾತಾಡ್ಕೊಂಡಿರಬಹುದು. ಆದರೆ ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ, ಬರೆದು ಕೊಟ್ಟಿದ್ದು ಉಳಿಯುತ್ತೆ. ಅರ್ಜಿ ಎರಡು ಪ್ರತಿ ಮಾಡಿ, ಒಂದಕ್ಕೆ ಪಂಚಾಯ್ತಿ ಸೀಲು ಹಾಕಿಸ್ಕೊಳ್ಳಿ. ನಡಾವಳೀಲಿ ನಿಮ್ಮ ಕೆಲಸ ಬರೆದಿದ್ದಾರಾ ಅಂತ ಓದಿ ಆಮೇಲೆ ಸಹಿ ಹಾಕಿ. ಮನೆ ಬಾಗಿಲಿಗೆ ಪುಸ್ತಕ ತಂದು ಸಹಿ ಕೇಳಿದ್ರೆ ಖಂಡಿತ ಹಾಕಬೇಡಿ. ನಡಾವಳಿ ತೋರಿಸಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಮಂಜೂರಾದ ಯೋಜನೆ ಇ-ಗ್ರಾಮಸ್ವರಾಜ್ ವೆಬ್‌ಸೈಟಲ್ಲೂ ಇರುತ್ತೆ, ಮಕ್ಕಳ ಕೈಲಿ ಫೋನಲ್ಲಿ ತೆಗೆಸಿ ನೋಡಿ.

ದುಡ್ಡಿನ ಲೆಕ್ಕಾನೂ ತಿಳ್ಕೊಂಡು ಹೋಗಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು. ಊರಿನ ಬೇರೆ ಅಗತ್ಯಕ್ಕೆ ಅಂತ ಉಳಿದದ್ದು 40. ಬೀದಿ ಕಾಂಕ್ರೀಟು, ಹೊಲದ ದಾರಿ ಪೈಪೋಟಿ ನಡೆಸೋದು ಈ ಸಣ್ಣ ಪಾಲಲ್ಲಿ. ಮೊದಲು ಕೇಳಿದವನದ್ದು ಮೊದಲು.

ಇನ್ನೊಂದು ತಕರಾರು ನನ್ನದು. ಮುಂದಿನ ವರ್ಷದ ಯೋಜನೆ ಮಾಡೋ ಅಭಿಯಾನ ಶುರುವಾಗೋದು ಅಕ್ಟೋಬರ್ 2ಕ್ಕೆ. ಅದಾದ ಮೇಲಿನ ತಿಂಗಳುಗಳೇ ನಮ್ಮ ಕುಯ್ಲು, ಒಕ್ಕಣೆ. ಆಗ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದ್ರೆ ಹೊಲದಲ್ಲಿರೋನು ಹೇಗೆ ಬರಬೇಕು? ಸಂಜೆ ಹೊತ್ತು ಇಡಿ ಅಂತ ಪಿಡಿಒಗೆ ಈಗಲೇ ಬರೆದು ಕೊಡೋಣ. ಅರ್ಜಿ ನಾನು ಬರೀತೀನಿ, ನಮ್ಮ ವಾರ್ಡಿನೋರು ಸಹಿಗೆ ಬನ್ನಿ. ಹೆಂಗಸರನ್ನೂ ಕರ್ಕೊಂಡು ಬನ್ನಿ. ಆ ಕೆಸರಲ್ಲಿ ಹುಲ್ಲಿನ ಹೊರೆ ಹೊರೋರು ಅವರೇ.